ಉಪ್ಪಾಗೆ ಮರದ ಬುಡ, ಅಬ್ಬಿಯ ನೀರು

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಒಳಭಾಗದ ಅಡಿಕೆ ತೋಟದ ಮನೆ. ಕಳೆದ ಆಷಾಢದಲ್ಲಿ ಆಯಿ ತೀರಿಕೊಂಡರು. ಬಿಡದೆ ಹೊಯ್ಯುತ್ತಿದ್ದ ಮಳೆಯಲ್ಲಿ ಕಟ್ಟಿಗೆ ಹೊತ್ತಿಕೊಳ್ಳಲಿಲ್ಲ. ತಗಡಿನ ಮರೆ ಕಟ್ಟಿ, ಡೀಸೆಲ್ ಸುರಿದು, ಕೊನೆಗೆ ಯಾರೋ ತಂದ ಹಳೆಯ ಟಯರುಗಳನ್ನೂ ಹಾಕಿ ದಹನ ಮುಗಿಸಬೇಕಾಯಿತು. ಅಂದಿನಿಂದ ಅಪ್ಪಯ್ಯ, ಅವರಿಗೀಗ 78 ವರ್ಷ, ಒಂದೇ ಮಾತು ಹೇಳುತ್ತಿದ್ದಾರೆ: “ನನ್ನನ್ನು ಸುಡಬೇಡಿ. ಹಳೆಯ ಪಂಚೆಯಲ್ಲಿ ಸುತ್ತಿ ಬೆಟ್ಟದ ಉಪ್ಪಾಗೆ ಮರದ ಬುಡದಲ್ಲಿ ಹೂತುಬಿಡಿ.” ಬೆಂಗಳೂರಿನಲ್ಲಿರುವ ಅಣ್ಣ ಇದು ನಮ್ಮ ಪದ್ಧತಿಯಲ್ಲ ಎನ್ನುತ್ತಾನೆ. ಹೀಗೆ ಹೂಳುವುದು ಪರಿಸರಕ್ಕೆ ನಿಜವಾಗಿ ಒಳ್ಳೆಯದೇ? ಕಾನೂನು ಏನು ಹೇಳುತ್ತದೆ? ನಾವು ಈಗಲೇ ಏನು ಮಾಡಿಟ್ಟುಕೊಳ್ಳಬೇಕು?
– ಹೆಸರು ಬೇಡವೆಂದ ಓದುಗರು, ಶಿರಸಿ

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ‘ಬೆಟ್ಟ’ ಎಂಬ ಮಾತಿನ ಮೇಲೆ. ಘಟ್ಟದ ಮೇಲಿನ ತೋಟಿಗರೆಲ್ಲ ‘ನಮ್ಮ ಬೆಟ್ಟ’ ಎಂದೇ ಹೇಳುವುದು ರೂಢಿ. ಆದರೆ ಸೊಪ್ಪಿನ ಬೆಟ್ಟ ನಮ್ಮ ಮಾಲ್ಕಿ (ಸ್ವಂತ ಒಡೆತನದ) ಜಮೀನಲ್ಲ. ಒಂದು ಎಕರೆ ತೋಟಕ್ಕೆ ಗರಿಷ್ಠ 9 ಎಕರೆಯ ಲೆಕ್ಕದಲ್ಲಿ ಸೊಪ್ಪು, ದರಕು (ಒಣಗಿದ ಎಲೆ), ಒಣಕಟ್ಟಿಗೆ ತಂದುಕೊಳ್ಳುವ ಸೌಲಭ್ಯವನ್ನಷ್ಟೇ ಬ್ರಿಟಿಷರ ಕಾಲದಿಂದ ತೋಟಿಗರಿಗೆ ಬಿಟ್ಟುಕೊಟ್ಟಿರುವ ಅರಣ್ಯ ಭೂಮಿ ಅದು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯ ಭೂಮಿಯನ್ನು ಅರಣ್ಯೇತರ ಕೆಲಸಕ್ಕೆ ಬಳಸಲು ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಆದುದರಿಂದ ಅಪ್ಪಯ್ಯನವರಿಗೆ ಎಷ್ಟೇ ಪ್ರೀತಿಯ ಮರವಾದರೂ, ಅದು ಬೆಟ್ಟದಲ್ಲಿದ್ದರೆ ಅದರ ಬುಡವನ್ನು ಮರೆಯಬೇಕಾಗುತ್ತದೆ. ಪಹಣಿ ತೆಗೆದು ನೋಡಿ. ಮನೆಯ ಸುತ್ತ ಮಾಲ್ಕಿ ಬೇಣವೋ (ಹುಲ್ಲಿನ ಜಾಗ) ತೋಟದಂಚಿನ ಖಾಲಿ ಜಾಗವೋ ನಿಮ್ಮ ಹೆಸರಿನಲ್ಲೇ ಇದ್ದರೆ ಮಾತು ಮುಂದುವರಿಸಬಹುದು. ಹುಳಿಗೆ ಬಳಸುವ ಹಣ್ಣಿನ ಮರವಾದ ಉಪ್ಪಾಗೆಯ ಸಸಿಯನ್ನು ಅಲ್ಲಿಯೂ ನೆಡಬಹುದು.

ಸ್ವಂತ ಜಮೀನಿನಲ್ಲಿ ಅಂತ್ಯಸಂಸ್ಕಾರ ಮಾಡುವುದು ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಹೊಸದೇನಲ್ಲ. ಆದರೂ ರೂಢಿಯೊಂದನ್ನೇ ನಂಬಿ ಕೂರಬೇಡಿ. ಸ್ಮಶಾನಗಳ ವ್ಯವಸ್ಥೆ ಹಳ್ಳಿಯಲ್ಲಿ ಗ್ರಾಮ ಪಂಚಾಯತಿಯ ಹೊಣೆ, ಶಿರಸಿ, ಕಾರವಾರಗಳಂಥ ಊರುಗಳಲ್ಲಿ ನಗರಸಭೆಯ ಹೊಣೆ. ಆಕ್ಷೇಪಣೆ ಇಲ್ಲವೆಂದು ಪಂಚಾಯತಿಯಿಂದ ಬರಹದಲ್ಲಿ ಪಡೆದಿಟ್ಟುಕೊಳ್ಳಿ. ಅಕ್ಕಪಕ್ಕದ ಜಮೀನಿನವರಿಗೂ ಮೊದಲೇ ತಿಳಿಸಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಛತ್ತೀಸಗಢದಲ್ಲಿ ಕ್ರೈಸ್ತ ಕುಟುಂಬವೊಂದು ತಂದೆಯನ್ನು ಸ್ವಂತ ಜಮೀನಿನಲ್ಲಿ ಹೂಳಲು ಅವಕಾಶ ಕೇಳಿದ ಪ್ರಕರಣದಲ್ಲಿ 2025ರ ಜನವರಿ 27ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬಗೆಯ ತೀರ್ಪು ಕೊಟ್ಟರು. ಸ್ವಂತ ಜಮೀನಿನಲ್ಲಿ ಹೂಳಲು ಬಿಡಬೇಕೆಂದವರು ನಮ್ಮ ರಾಜ್ಯದವರೇ ಆದ ಬಿ.ವಿ. ನಾಗರತ್ನ, ನಿಗದಿಯಾದ ಸ್ಮಶಾನದಲ್ಲೇ ಆಗಬೇಕೆಂದವರು ಸತೀಶ್ ಚಂದ್ರ ಶರ್ಮಾ. ಕೊನೆಗೆ ದೂರದ ನಿಗದಿತ ಸ್ಮಶಾನದಲ್ಲಿ ಹೂಳುವಂತೆ ಆದೇಶವಾಯಿತು. ಅಷ್ಟರಲ್ಲಿ ಶವ ಸುಮಾರು ಮೂರು ವಾರ ಶವಾಗಾರದಲ್ಲೇ ಇತ್ತು. ಊರಿನವರ ತಕರಾರು ಸಾವಿನ ದಿನ ಏಳಬಾರದು ಎಂದಿದ್ದರೆ ಅದಕ್ಕಿಂತ ಬಹಳ ಮೊದಲೇ ಅವರೊಂದಿಗೆ ಕೂತು ಮಾತಾಡಿರಬೇಕು.

ಆದರೆ ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ ನೀರಿನದು. ಘಟ್ಟದ ಮೇಲಿನ ಮನೆಗಳ ರಚನೆಯನ್ನೇ ನೆನಪಿಸಿಕೊಳ್ಳಿ: ಮೇಲೆ ಬೆಟ್ಟ, ನಡುವೆ ಮನೆ, ಕೆಳಗೆ ತೋಟ. ಕುಡಿಯುವ ನೀರು ಮೇಲಿನ ಒರತೆಯಿಂದ ಪೈಪಿನಲ್ಲಿ ಇಳಿದು ಬರುತ್ತದೆ. ಅದನ್ನೇ ನಾವು ಅಬ್ಬಿ ನೀರು ಎನ್ನುತ್ತೇವೆ. ಹಿರಿಯರು ತಮಗೆಂದು ಮನಸ್ಸಿನಲ್ಲೇ ಆರಿಸಿಕೊಂಡಿರುವ ನೆರಳಿನ, ತಂಪಿನ ಜಾಗ ಎಷ್ಟೋ ಸಲ ಆ ಒರತೆಯ ಮೇಲ್ಭಾಗದಲ್ಲೇ ಇರುತ್ತದೆ. ಅಲ್ಲಿ ಹೂತರೆ ಪರಿಸರಸ್ನೇಹಿ ಎಂಬ ಹೆಸರಿಗೆ ಅರ್ಥ ಉಳಿಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ಕುಮಟಾ ಸಮೀಪದ ಬಂಧುಗಳ ಮನೆಯಲ್ಲಿ ಹಸುಗೂಸೊಂದನ್ನು ಹೂಳುವ ಹೊತ್ತಿಗೆ ನಾನಿದ್ದೆ. ಮನೆಯ ಹಿಂದಿನ ದರೆಯ ಮೇಲೆ ಇಬ್ಬರು ಹಾರೆ, ಪಿಕಾಸಿ ಹಿಡಿದು ಅಗೆಯುತ್ತಿದ್ದರು. ಮೇಲಿನದು ಗಟ್ಟಿ ಚಿರೇಕಲ್ಲು (ಜಂಬಿಟ್ಟಿಗೆ). ಎರಡೂವರೆ ಅಡಿ ಹೋಗುವಷ್ಟರಲ್ಲಿ ಅದು ಮುಗಿದು ಬಿಳಿಯ ಶೇಡಿ (ಜೇಡಿ) ಮಣ್ಣು ಕಾಣಿಸಿತು. ಕಲ್ಲು ಮುಗಿದು ಶೇಡಿ ಶುರುವಾಗುವ ಆ ಗೆರೆಯಿಂದ ಬೆರಳುಗಾತ್ರದ ನೀರು ಸದ್ದಿಲ್ಲದೆ ಬಂದು ಗುಂಡಿಯ ತಳದಲ್ಲಿ ನಿಲ್ಲತೊಡಗಿತು. ಒಬ್ಬರು ಬಾಲ್ದಿಯಲ್ಲಿ ಮೊಗೆದು ಚೆಲ್ಲುತ್ತಲೇ ಇದ್ದರು, ಅದು ತುಂಬುತ್ತಲೇ ಇತ್ತು. ಮಗುವಿನ ಅಜ್ಜಿ ಅದನ್ನು ನೋಡಿ, “ನೀರಲ್ಲಿ ಇಡೂಕಾಗ” ಎಂದಷ್ಟೇ ಹೇಳಿ ಒಳಗೆ ಹೋದರು. ಮತ್ತೊಂದು ಕಡೆ, ಇನ್ನೂ ಎತ್ತರದಲ್ಲಿ ಬೇರೆ ಗುಂಡಿ ತೋಡಿದರು. ಅಂತರ್ಜಲದ ವಿಷಯದಲ್ಲಿ ಆ ಅಜ್ಜಿಯ ಮಾತಿಗೆ ನಾನು ಸೇರಿಸುವಂಥದ್ದು ಹೆಚ್ಚೇನಿಲ್ಲ. ಚಿರೇಕಲ್ಲಿನ ತುಂಬ ತೂತು, ಬಿರುಕುಗಳಿರುವುದರಿಂದ ಮಳೆನೀರು ಅದರೊಳಗೆ ಬೇಗ ಇಳಿಯುತ್ತದೆ. ನೀರು ಸುಲಭವಾಗಿ ದಾಟದ ಶೇಡಿಯ ಪದರ ಸಿಕ್ಕಿದಾಗ ಅದರ ಮೇಲೆಯೇ ಅಡ್ಡಲಾಗಿ ಹರಿದು ಎಲ್ಲೋ ಒರತೆಯಾಗಿ ಹೊರಬರುತ್ತದೆ. ಇಷ್ಟು ವೇಗವಾಗಿ ಹರಿಯುವ ನೀರನ್ನು ಸೋಸಿ ಶುದ್ಧಮಾಡಲು ಮಣ್ಣಿಗೆ ಸಮಯ ಸಿಗುವುದಿಲ್ಲ.

ಹಾಗಾದರೆ ಎಷ್ಟು ದೂರ ಇರಬೇಕು ಎಂಬುದಕ್ಕೆ ಇಂಗ್ಲೆಂಡಿನ ಪರಿಸರ ಇಲಾಖೆ ಪಾಲಿಸುವ ಅಳತೆ ಒಂದು ಒಳ್ಳೆಯ ಆಧಾರ: ಕುಡಿಯುವ ನೀರಿನ ಬಾವಿ, ಕೊಳವೆಬಾವಿ, ಒರತೆಗಳಿಂದ 250 ಮೀಟರ್, ಇತರ ಹಳ್ಳ, ಹೊಳೆಗಳಿಂದ 30 ಮೀಟರ್, ಹೊಲದ ಬಸಿಗಾಲುವೆಯಿಂದ 10 ಮೀಟರ್, ಗುಂಡಿಯ ತಳದ ಕೆಳಗೆ ನೀರಿಲ್ಲದ ಕನಿಷ್ಠ 1 ಮೀಟರ್ ಮಣ್ಣು. ನಮ್ಮ ಮಳೆಗಾಲ ಅಲ್ಲಿಯದಕ್ಕಿಂತ ಬಹಳ ಜೋರು. ಈ ಅಳತೆಯನ್ನು ಹಿಗ್ಗಿಸಬಹುದೇ ಹೊರತು ಕುಗ್ಗಿಸಬಾರದು. ಜಾಗ ಗೊತ್ತುಮಾಡುವ ಮೊದಲು ಜುಲೈ ಕೊನೆಯಲ್ಲೋ ಆಗಸ್ಟಿನಲ್ಲೋ, ಮಳೆ ತುಂಬಿದ ಕಾಲದಲ್ಲಿ, ಅಲ್ಲಿ ಏಳು ಅಡಿಯ ಕಿರಿದಾದ ಪರೀಕ್ಷಾ ಗುಂಡಿ ತೋಡಿಸಿ, ಮೇಲೆ ತಗಡು ಮುಚ್ಚಿ, ಮರುದಿನ ನೋಡಿ. ತಳ ಒಣಗಿದ್ದರೆ ಜಾಗ ಅಡ್ಡಿಯಿಲ್ಲ. ಬೇಸಿಗೆಯಲ್ಲಿ ತೋಡಿ ನೋಡಿದರೆ ಎಲ್ಲ ಜಾಗವೂ ಒಳ್ಳೆಯದಾಗಿಯೇ ಕಾಣುತ್ತದೆ.

ಏಳು ಅಡಿ ಪರೀಕ್ಷೆಗೆ ಮಾತ್ರ. ಹೂಳಲು ಅಷ್ಟು ಆಳ ಬೇಡ. ಆರು ಅಡಿಯ ಹಳೆಯ ಲೆಕ್ಕಕ್ಕೆ ನೈಸರ್ಗಿಕ ಸಮಾಧಿಯಲ್ಲಿ, ಅಂದರೆ ದೇಹ ಬೇಗ ಮಣ್ಣಾಗಲೆಂದು ಸಿಮೆಂಟು, ರಾಸಾಯನಿಕಗಳಿಲ್ಲದೆ ಹೂಳುವುದರಲ್ಲಿ, ಅರ್ಥವಿಲ್ಲ. ಗೊಬ್ಬರಗುಂಡಿ ನೋಡಿಕೊಂಡು ಬೆಳೆದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ: ಗಾಳಿಯಾಡುವ ಮೇಲ್ಪದರದಲ್ಲಿ ಹುಳು, ಶಿಲೀಂಧ್ರ, ಸೂಕ್ಷ್ಮಜೀವಿಗಳ ಕೆಲಸ ಚುರುಕು; ಆಳಕ್ಕೆ ಹೋದಂತೆ ಗಾಳಿ ಕಡಿಮೆಯಾಗಿ ಕೊಳೆಯುವಿಕೆ ನಿಧಾನವಾಗುತ್ತದೆ, ನೀರು ಮಾತ್ರ ಹತ್ತಿರವಾಗುತ್ತದೆ. ಮೂರರಿಂದ ಮೂರೂವರೆ ಅಡಿ ಆಳ ಸಾಕು. ದೇಹದ ಮೇಲೆ ಕನಿಷ್ಠ ಒಂದೂವರೆ ಅಡಿ ಮಣ್ಣಿದ್ದರೆ ವಾಸನೆ ಹೊರಬರುವುದಿಲ್ಲ. ನಮ್ಮಲ್ಲಿ ಕಾಡುಹಂದಿ, ನರಿ, ನಾಯಿಗಳ ಕಾಟವಿರುವುದರಿಂದ ಅದಕ್ಕಿಂತ ಹೆಚ್ಚೇ ಇರಲಿ, ಮೇಲೆ ಚಿರೇಕಲ್ಲು ಜೋಡಿಸಿ ಒಂದು ಮಳೆಗಾಲ ಮುಳ್ಳಿನ ಬೇಲಿ ಕಟ್ಟಿ. ತೆಗೆದ ಮಣ್ಣನ್ನೆಲ್ಲ ದಿಬ್ಬವಾಗಿ ಪೇರಿಸಬೇಕು, ಅದು ತಾನಾಗಿ ಕುಸಿದು ನೆಲಕ್ಕೆ ಸಮವಾಗುತ್ತದೆ. ಸಿಮೆಂಟಿನ ಕಟ್ಟೆ ಕಟ್ಟಿದರೆ ಗಾಳಿ, ಮಳೆ ಎರಡೂ ತಪ್ಪುತ್ತವೆ.

ಸಸಿಯನ್ನು ಅದೇ ದಿನ ದೇಹದ ಮೇಲೆಯೇ ನೆಡುವ ಚಿತ್ರಗಳನ್ನು ನೀವು ಮೊಬೈಲಿನಲ್ಲಿ ನೋಡಿರಬಹುದು. ಹಸಿ ಸಗಣಿಯನ್ನು ನೇರವಾಗಿ ಎಳೆ ಸಸಿಯ ಬುಡಕ್ಕೆ ಹಾಕಿದರೆ ಏನಾಗುತ್ತದೆಂದು ಬಲ್ಲ ತೋಟಿಗರು ಹೀಗೆ ಮಾಡಲಾರರು. ಮೊದಮೊದಲು ಅಲ್ಲಿ ಅಮೋನಿಯಾ ವಿಪರೀತವಾಗಿರುತ್ತದೆ, ಮಣ್ಣೂ ಕುಸಿಯುತ್ತಿರುತ್ತದೆ. ಒಂದು ಮಳೆಗಾಲ ಕಳೆಯಲಿ. ಆಮೇಲೆ ಬದಿಗೆ ನೆಡಿ. ಉಪ್ಪಾಗೆ, ಮುರುಗಲು, ರಂಜಲು, ಅಪ್ಪೆಮಿಡಿಯ ಮಾವು ಯಾವುದಾದರೂ ಸರಿ. 1983ರಲ್ಲಿ ಮರಗಳನ್ನು ಅಪ್ಪಿಕೊಂಡು ಉಳಿಸಿದ ಸಾಲಕಣಿಯ ಸೀಮೆಯವರಿಗೆ ಅಕೇಶಿಯಾ ಬೇಡ ಎಂದು ನಾನು ಹೇಳಬೇಕಾಗಿಲ್ಲ.

ಬಟ್ಟೆ ಹತ್ತಿಯದಿರಲಿ. ಅಪ್ಪಯ್ಯನವರ ಹಳೆಯ ಪಂಚೆಯೇ ಅತ್ಯುತ್ತಮ, ಆದರೆ ಜರಿಯಂಚಿನ ಪಾಲಿಯೆಸ್ಟರ್ ಪಂಚೆಯಲ್ಲವೆಂದು ನೋಡಿಕೊಳ್ಳಿ. ಬಿದಿರಿನ ಚಟ್ಟ, ಹುಲ್ಲಿನ ಚಾಪೆ ಜೊತೆಗೆ ಹೋಗಬಹುದು. ನೈಲಾನ್ ಹಗ್ಗ, ಪ್ಲಾಸ್ಟಿಕ್ ಹಾರ, ಊದುಬತ್ತಿಯ ಕವರು ಹೋಗಬಾರದು. ಪೇಸ್‌ಮೇಕರ್ ಇದ್ದರೆ ವೈದ್ಯರಿಂದ ತೆಗೆಸಬೇಕು.

ಈಗ ಅಣ್ಣನ ಮಾತು. ಪದ್ಧತಿಯಲ್ಲ ಎನ್ನುವುದು ಮನೆಯ ಮಟ್ಟಿಗೆ ನಿಜವಿರಬಹುದು, ಆದರೆ ಹೂಳುವುದು ನಮ್ಮ ನೆಲಕ್ಕೆ ಪರಕೀಯವಲ್ಲ. ಋಗ್ವೇದದ 10ನೇ ಮಂಡಲದ 18ನೇ ಸೂಕ್ತದಲ್ಲಿ ತಾಯಿ ಮಗನನ್ನು ಸೆರಗಿನಿಂದ ಹೊದೆಸುವಂತೆ ಸತ್ತವನನ್ನು ಹೊದೆಸೆಂದು ಭೂಮಿಯನ್ನು ಬೇಡುವ ಮಾತಿದೆ. ನಿಮ್ಮ ಮನೆಯಿಂದ ಬಹಳ ದೂರವಲ್ಲದ ಸೋಂದೆಯಲ್ಲಿ ಯತಿ ವಾದಿರಾಜರ ಬೃಂದಾವನ (ಸಮಾಧಿ) ಇದೆ. ಸಂನ್ಯಾಸಿಗಳಿಗೂ ಎಳೆಯ ಮಕ್ಕಳಿಗೂ ದಹನವಿಲ್ಲ. ಲಿಂಗಾಯತರು ವಿಭೂತಿ, ಬಿಲ್ವಪತ್ರೆಗಳೊಡನೆ ಕುಳಿತ ಭಂಗಿಯಲ್ಲಿ ಮಣ್ಣು ಕೊಡುತ್ತಾರೆ. ಭಟ್ಕಳದ ಮುಸ್ಲಿಮರು ಹೊಲಿಗೆಯಿಲ್ಲದ ಬಿಳಿಯ ಕಫನ್ನಿನಲ್ಲಿ, ಪೆಟ್ಟಿಗೆಯಿಲ್ಲದೆ ದಫನ ಮಾಡುತ್ತಾರೆ. ಗೃಹಸ್ಥರ ವಿಷಯ ಬೇರೆ ಎಂದು ಅಣ್ಣ ಹೇಳಿದರೆ ಅದೂ ಸರಿಯೇ. ಆದರೆ ದೇಹವೇ ಸಿಗದವರಿಗೆ ದರ್ಭೆ ಅಥವಾ ಮುತ್ತುಗದೆಲೆಯ ಪ್ರತಿಕೃತಿ ಮಾಡಿ ದಹಿಸುವ ವಿಧಿ ಶಾಸ್ತ್ರದಲ್ಲಿದೆ. ಅಂಥದ್ದೊಂದು ದಾರಿ ನಿಮಗೂ ಹೊಂದುತ್ತದೆಯೇ, ಅಸ್ಥಿಯಿಲ್ಲದೆ ಗೋಕರ್ಣದ ಕರ್ಮ ಹೇಗೆ ನಡೆಯುತ್ತದೆ ಎಂಬುದನ್ನು ನಿಮ್ಮ ಪುರೋಹಿತರನ್ನು ಅಪ್ಪಯ್ಯನ ಎದುರಿನಲ್ಲೇ ಕೇಳಿ. ಅವರು ಹೇಳಿದರೆ ಅಣ್ಣ ಕೇಳಿಯಾನು. ನನ್ನ ಬರಹವನ್ನು ಓದಿ ಒಪ್ಪುವುದು ಕಷ್ಟ.

ಒಂದು ಅನುಮಾನವನ್ನು ಮುಚ್ಚಿಡುವುದಿಲ್ಲ. ಅಪ್ಪಯ್ಯ ಬೇಡವೆನ್ನುತ್ತಿರುವುದು ಬೆಂಕಿಯನ್ನೋ, ಆ ದಿನದ ಡೀಸೆಲ್, ಟಯರುಗಳನ್ನೋ? ಸಾಂಪ್ರದಾಯಿಕ ಚಿತೆಗೆ 400ರಿಂದ 500 ಕೆ.ಜಿ. ಕಟ್ಟಿಗೆ ಬೇಕೆಂಬುದು ಸಾಮಾನ್ಯ ಲೆಕ್ಕ. ನಗರಗಳಲ್ಲಿ ಅದು ದೊಡ್ಡ ಸಮಸ್ಯೆ. ಆದರೆ ತನ್ನದೇ ಜಮೀನಿನಲ್ಲಿ ಗಾಳಿಗೆ ಬಿದ್ದ ಮಾವಿನ ಮರದ ಒಣ ಕಟ್ಟಿಗೆಯಲ್ಲಿ ಸುಟ್ಟರೆ ಪ್ರಕೃತಿಗೆ ಭಾರೀ ಅಪಚಾರವಾಯಿತೆಂದು ನಾನು ಹೇಳಲಾರೆ. ಉಪ್ಪಾಗೆ ಸಿಪ್ಪೆ ಒಣಗಿಸಲು ನಮ್ಮ ಒಲೆಗಳಲ್ಲಿ ಉರಿದ ಕಟ್ಟಿಗೆಯೇನು ಕಡಿಮೆಯೇ? ಜಾಗದ ಪರೀಕ್ಷೆಯಲ್ಲಿ ನೀರು ಕಂಡುಬಂದರೆ, ಕೊಟ್ಟಿಗೆಯ ಅಟ್ಟದಲ್ಲಿ ಒಂದು ಚಿತೆಯಷ್ಟು ಒಣ ಕಟ್ಟಿಗೆಯನ್ನು ಬೇಸಿಗೆಯಲ್ಲೇ ಕೂಡಿಡುವುದು ಎರಡನೆಯ ಒಳ್ಳೆಯ ದಾರಿ. ಇದನ್ನೂ ಅವರ ಮುಂದಿಟ್ಟು ಕೇಳಿ.

ಹೇಗೆ ಮಾಡಿದರೂ ಮರಣ ನೋಂದಣಿ ತಪ್ಪಿಸಬೇಡಿ. 1969ರ ಕಾಯ್ದೆಯಂತೆ 21 ದಿನಗಳೊಳಗೆ ನೋಂದಾಯಿಸಬೇಕು. ಮನೆಯಲ್ಲೇ ಸಾವಾದರೆ ನೋಡಿಕೊಳ್ಳುತ್ತಿದ್ದ ವೈದ್ಯರಿಂದ ಕಾರಣದ ಪ್ರಮಾಣಪತ್ರ ಪಡೆಯಿರಿ. ಅಪಘಾತವೋ ಅನುಮಾನದ ಸಾವೋ ಆಗಿದ್ದರೆ ಪೊಲೀಸರಿಗೆ ತಿಳಿಸದೆ ಹೂಳಲೂ ಸುಡಲೂ ಬಾರದು.

ಪ್ರಶ್ನೆ: ನಾವು ಕಾರವಾರದ ಕ್ರೈಸ್ತರು. ತಾಯಿ ಹಾಸಿಗೆ ಹಿಡಿದಿದ್ದಾರೆ. ಸರಳವಾಗಿ, ಮಣ್ಣಿಗೆ ಹಾನಿಯಾಗದಂತೆ ಹೂಳಬೇಕೆಂಬುದು ಅವರ ಆಸೆ. ಅಂಗಡಿಯಲ್ಲಿ ಸಿಗುವುದೆಲ್ಲ ವಾರ್ನಿಷ್ ಹಚ್ಚಿದ ಪ್ಲೈವುಡ್ ಪೆಟ್ಟಿಗೆಗಳು. ಅಣ್ಣ ದುಬೈಯಿಂದ ಬರಲು ಎರಡು ದಿನ ಬೇಕಾಗಬಹುದು. ಎಂಬಾಮಿಂಗ್ (ಶವ ಕೆಡದಂತೆ ರಾಸಾಯನಿಕ ತುಂಬುವುದು) ಮಾಡಿಸಲೇಬೇಕೆಂದು ಕೆಲವರು ಹೇಳುತ್ತಾರೆ.
– ಓದುಗರು, ಕಾರವಾರ

ಉತ್ತರ: ಎರಡು ದಿನಕ್ಕೆ ಎಂಬಾಮಿಂಗ್ ಬೇಕಾಗಿಲ್ಲ, ಫ್ರೀಜರ್ ಪೆಟ್ಟಿಗೆ ಅಥವಾ ಆಸ್ಪತ್ರೆಯ ಶವಾಗಾರ ಸಾಕು. ವಿಮಾನದಲ್ಲಿ ಶವವನ್ನು ಸಾಗಿಸುವಾಗ ಎಂಬಾಮಿಂಗ್ ಪ್ರಮಾಣಪತ್ರ ಕೇಳುತ್ತಾರೆ, ಆ ಮಾತೇ ಹಬ್ಬಿ ಎಲ್ಲರಿಗೂ ಕಡ್ಡಾಯವೆಂಬ ಭಾವನೆ ಬಂದಿದೆ. ಅದರಲ್ಲಿ ಬಳಸುವ ಫಾರ್ಮಾಲಿನ್ ಸೂಕ್ಷ್ಮಜೀವಿಗಳನ್ನು ಕೊಲ್ಲುವ ವಿಷ. ಕೊಳೆಯುವುದನ್ನು ತಡೆಯುವುದೇ ಅದರ ಕೆಲಸ. ಅಮೆರಿಕದಲ್ಲಿ 1861ರಿಂದ 1865ರವರೆಗಿನ ಅಂತರ್ಯುದ್ಧದ ಕಾಲದಲ್ಲಿ ಸೈನಿಕರ ಶವಗಳನ್ನು ದೂರದ ಊರುಗಳಿಗೆ ಕಳಿಸಲು ಶುರುವಾದ ಈ ಅಭ್ಯಾಸ ಮುಂದೆ ಅಲ್ಲಿ ಮಾಮೂಲಾಯಿತು. ಅದರ ಜೊತೆಗೆ ಗಟ್ಟಿ ಪೆಟ್ಟಿಗೆ, ಕಾಂಕ್ರೀಟಿನ ಗುಂಡಿ ಎಲ್ಲ ಸೇರಿದ ಮೇಲೆಯೇ ಅದಕ್ಕೆ ಪ್ರತಿಯಾಗಿ ನೈಸರ್ಗಿಕ ಸಮಾಧಿಯ ಚಳವಳಿ ಹುಟ್ಟಿದ್ದು. ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ 1993ರಲ್ಲಿ ಅಂಥ ಮೊದಲ ಆಧುನಿಕ ವನಸಮಾಧಿ ಆರಂಭವಾಯಿತು. ಅಮೆರಿಕದ ದಕ್ಷಿಣ ಕೆರೊಲಿನಾದ ರ‍್ಯಾಮ್ಸೆ ಕ್ರೀಕ್‌ನಲ್ಲಿ 1998ರಲ್ಲಿ.

ಪೆಟ್ಟಿಗೆಯನ್ನು ಬಡಗಿಯಿಂದ ಮಾಡಿಸಿ. ಮಾವಿನ ಹಲಗೆ, ಬಣ್ಣವಿಲ್ಲದ ಮೈ, ಹಿಡಿಕೆಗೆ ಕತ್ತದ ಹಗ್ಗ, ಒಳಗೆ ಸ್ಯಾಟಿನ್ ಬದಲು ತಾಯಿಯವರದೇ ಹತ್ತಿ ಸೀರೆ. ಹೊರಲು ಗಟ್ಟಿಯಾಗಿದ್ದರಾಯಿತು, ಬಾಳಿಕೆ ಬೇಕಾಗಿಲ್ಲ. ಇಗರ್ಜಿಯ ಸ್ಮಶಾನಕ್ಕೆ ತನ್ನದೇ ನಿಯಮಗಳಿರುತ್ತವೆ. ಫಾದರ್ ಅವರನ್ನು ಈಗಲೇ ಕೇಳಿಕೊಳ್ಳಿ. ಕರಾವಳಿಯಲ್ಲಿ ಜಾಗದ ಕೊರತೆಯಿಂದ ಕೆಲವು ವರ್ಷಗಳ ಬಳಿಕ ಅದೇ ಗುಂಡಿಯನ್ನು ಮತ್ತೊಬ್ಬರಿಗೆ ಬಳಸುವ ಕ್ರಮವಿದೆ. ಸರಳ ಹಲಗೆಯ ಪೆಟ್ಟಿಗೆ ಅದಕ್ಕೂ ಅನುಕೂಲ. ಪ್ಲೈವುಡ್ಡಿನ ಅಂಟು, ಲೋಹದ ಹಿಡಿಕೆಗಳು ಮಾತ್ರ ಅಗೆಯುವವರ ಗುದ್ದಲಿಗೆ ಸಿಗುತ್ತಲೇ ಇರುತ್ತವೆ. ಮೇಲೆ ಗ್ರಾನೈಟ್ ಹಾಸುವ ಬದಲು ಒಂದು ಸಣ್ಣ ಶಿಲುಬೆ ನೆಟ್ಟು, ಸುತ್ತ ಅಬ್ಬಲಿಗೆ ಹಾಕಿದರೆ ಮರಳು ಮಣ್ಣಿನಲ್ಲೂ ಚೆನ್ನಾಗಿ ಬರುತ್ತದೆ.

ಪ್ರಶ್ನೆ: ದೇಹವನ್ನು ಯಂತ್ರದಲ್ಲಿಟ್ಟು ಗೊಬ್ಬರ ಮಾಡುತ್ತಾರಂತೆ, ನಿಜವೇ? ನಮ್ಮಲ್ಲಿ ಸಾಧ್ಯವೇ?
– ಓದುಗರು, ಅಂಕೋಲಾ

ಉತ್ತರ: ನಿಜ. ಅಮೆರಿಕದ ವಾಷಿಂಗ್ಟನ್ ರಾಜ್ಯ 2019ರಲ್ಲಿ ಇದಕ್ಕೆ ಕಾನೂನು ಮಾಡಿತು. ಮರದ ಚಕ್ಕೆ, ಹುಲ್ಲುಗಳ ನಡುವೆ ದೇಹವನ್ನಿಟ್ಟು ಗಾಳಿಯಾಡಿಸುತ್ತಾರೆ. ಕ್ಷಾರದ ಬಿಸಿನೀರಿನಲ್ಲಿ ಕರಗಿಸುವ ಇನ್ನೊಂದು ವಿಧಾನವೂ ಇದೆ. 2021ರ ಡಿಸೆಂಬರಿನಲ್ಲಿ ನಿಧನರಾದ ದಕ್ಷಿಣ ಆಫ್ರಿಕದ ಡೆಸ್ಮಂಡ್ ಟುಟು ಅದನ್ನೇ ಬಯಸಿದ್ದರು. ಅದಕ್ಕೆಲ್ಲ ಯಂತ್ರ, ಪರವಾನಗಿ, ತರಬೇತಾದ ಜನ ಬೇಕು. ದೇಹ ಉಪಯೋಗಕ್ಕೆ ಬರಲೆಂಬುದು ನಿಮ್ಮ ಇಚ್ಛೆಯಾದರೆ ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ದೇಹದಾನದ ಬಗ್ಗೆ ವಿಚಾರಿಸಿ. ಕಣ್ಣುಗಳನ್ನು ಸಾವಿನ ನಂತರ 6 ಗಂಟೆಗಳೊಳಗೆ ತೆಗೆಯಬೇಕಾದ್ದರಿಂದ ಮನೆಯವರಿಗೆ ಮೊದಲೇ ಹೇಳಿಡಿ.

ಪ್ರಶ್ನೆ: ನಮ್ಮ ನೆರೆಯವರು ತಮ್ಮ ಹತ್ತು ಗುಂಟೆಯಲ್ಲಿ, ನಮ್ಮ ಬಾವಿಯಿಂದ 40 ಅಡಿ ದೂರದಲ್ಲಿ, ಹಿರಿಯರೊಬ್ಬರನ್ನು ಹೂಳಲು ಜಾಗ ಗುರುತಿಸಿದ್ದಾರೆ. ಬಾಯಿಬಿಟ್ಟು ಬೇಡವೆನ್ನಲು ಸಂಕೋಚ. ಏನು ಮಾಡಲಿ?
– ಓದುಗರು, ಹೊನ್ನಾವರ

ಉತ್ತರ: ಸಂಕೋಚ ಬಿಟ್ಟು ಈಗಲೇ ಹೇಳಿ, ಹಿರಿಯರು ಬದುಕಿರುವಾಗ ಇದು ಜಾಗದ ಮಾತು, ಆಮೇಲೆ ಇದೇ ಅವಮಾನದ ಮಾತಾಗುತ್ತದೆ. ಮೇಲೆ ಕೊಟ್ಟ ಅಳತೆಯ ಮುಂದೆ 40 ಅಡಿ ಏನೂ ಅಲ್ಲ. ಹತ್ತು ಗುಂಟೆಯ ಜಾಗದಲ್ಲಿ ಯಾವ ಮೂಲೆಗೆ ಹೋದರೂ ನಿಮ್ಮ ಬಾವಿಗೋ ಅವರದೇ ಬಾವಿಗೋ ಹತ್ತಿರವೇ ಆಗುತ್ತದೆ. ಅದರಲ್ಲೂ ಹೊನ್ನಾವರದ ತಗ್ಗು ಪ್ರದೇಶದಲ್ಲಿ ಮಳೆಗಾಲಕ್ಕೆ ಬಾವಿಯ ನೀರು ಕೈಗೆಟುಕುವಷ್ಟು ಮೇಲೆ ಬರುತ್ತದೆ. ಅವರನ್ನು ಬಾವಿಕಟ್ಟೆಗೇ ಕರೆದು ನೀರಿನ ಮಟ್ಟ ತೋರಿಸಿ ಮಾತಾಡಿ, ಊರಿನ ಸ್ಮಶಾನದಲ್ಲೇ ಪೆಟ್ಟಿಗೆಯಿಲ್ಲದೆ, ಸಿಮೆಂಟಿಲ್ಲದೆ ಹೂಳಲು ಪಂಚಾಯತಿಯನ್ನು ಕೇಳಿಕೊಳ್ಳೋಣವೆಂದು ನೀವೂ ಜೊತೆಗೆ ಹೋಗಿ. ಅಂದ ಹಾಗೆ, ನಿಮ್ಮ ಮನೆಯ ಶೌಚಗುಂಡಿ ಅದೇ ಬಾವಿಯಿಂದ ಎಷ್ಟು ಅಡಿ ದೂರವಿದೆ ಎಂದು ನೀವು ಬರೆದಿಲ್ಲ. ನೆರೆಯವರು ಆ ಪ್ರಶ್ನೆ ಕೇಳುವ ಮೊದಲು ಒಮ್ಮೆ ಅಳೆದಿಟ್ಟುಕೊಳ್ಳಿ.